ಪಿಯುಸಿ ಆದ ಮೇಲೆ ರಷ್ಯನ್ ಓದ್ತೀನಿ ಅಂದ್ರೆ ಮನೆಯಲ್ಲಿ ನಗುತ್ತಿದ್ದಾರೆ. ಓದಿದವರು ಯಾರಾದರೂ ಇದ್ದೀರಾ?

ತೀರ್ಥಹಳ್ಳಿ_ಮಳೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ವರ್ಷ ಪಿಯುಸಿ ಮುಗಿಯಿತು, ಆರ್ಟ್ಸ್. ಅಜ್ಜನ ಮನೆಯ ಅಟ್ಟದಲ್ಲಿ ಒಂದು ಟ್ರಂಕು ತುಂಬಾ ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳಿವೆ. ದಪ್ಪ ಕಾಗದ, ಚಂದದ ಚಿತ್ರಗಳು. ಇಲಿ ತಿಂದು ಉಳಿಸಿದ್ದನ್ನೆಲ್ಲ ಚಿಕ್ಕವಳಿದ್ದಾಗಲೇ ಓದಿ ಮುಗಿಸಿದ್ದೇನೆ. ಈಗ ರಷ್ಯನ್ ಬಿಎ ಮಾಡಬೇಕು ಅಂತ ಆಸೆ. ಮುಂದೆ ಇಂಗ್ಲಿಷಿನ ಮೂಲಕ ಅಲ್ಲದೆ ನೇರವಾಗಿ ಕನ್ನಡಕ್ಕೆ ಅನುವಾದ ಮಾಡುವ ಆಸೆಯೂ ಇದೆ.

ಅಪ್ಪ ಬಿಕಾಂ ಸೇರು ಅನ್ನುತ್ತಾರೆ. ಅಮ್ಮ ಏನೂ ಹೇಳುವುದಿಲ್ಲ, ಆದರೆ ಪಕ್ಕದ ಮನೆಯವರಿಗೆ "ಇವಳು ರಷ್ಯಾಕ್ಕೆ ಹೋಗ್ತಾಳಂತೆ" ಅಂತ ಹೇಳಿ ನಗುತ್ತಾರೆ. ಎಲ್ಲಿ ಓದಬಹುದು, ಎಷ್ಟು ಕಷ್ಟ, ಓದಿ ಆದ ಮೇಲೆ ಏನು? ಇದ್ದದ್ದು ಇದ್ದ ಹಾಗೆ ಹೇಳಿ.

ಸಮೋವಾರ್

ನಾನು ದೆಹಲಿಗೆ ಹೋಗಿ ಬಿಎ, ಎಂಎ ಎರಡನ್ನೂ ರಷ್ಯನ್‌ನಲ್ಲೇ ಮಾಡಿದವಳು. ಈಗ ಅದರಿಂದಲೇ ಊಟ. ಸ್ವಲ್ಪ ಉದ್ದ ಬರೆಯುತ್ತೇನೆ.

ಎಲ್ಲಿ ಅನ್ನೋದು ಮೊದಲು. ಬೆಂಗಳೂರಿನಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ತರಹದ ಕೋರ್ಸುಗಳು ಸಿಗುತ್ತವೆ. ಪೂರ್ತಿ ಡಿಗ್ರಿ ಬೇಕು ಅಂದರೆ ಊರು ಬಿಡಬೇಕು. ಜೆಎನ್‌ಯುನಲ್ಲಿ ರಷ್ಯನ್ ಅಧ್ಯಯನ ಕೇಂದ್ರ ಇದೆ. 1965ರಲ್ಲಿ ದೆಹಲಿಯಲ್ಲಿ ರಷ್ಯನ್‌ಗೆ ಅಂತಲೇ ಒಂದು ಸಂಸ್ಥೆ ಶುರುವಾಗಿತ್ತು, ಅದು ಆಮೇಲೆ ಜೆಎನ್‌ಯು ಒಳಗೆ ಸೇರಿಕೊಂಡಿತು. ದೆಹಲಿ ವಿಶ್ವವಿದ್ಯಾಲಯದಲ್ಲೂ ಹೈದರಾಬಾದಿನ ಇಫ್ಲುನಲ್ಲೂ (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ವಿಭಾಗಗಳಿವೆ. ತಿರುವನಂತಪುರದಲ್ಲಿ ಕೇರಳ ವಿಶ್ವವಿದ್ಯಾಲಯದಲ್ಲೂ ಇದೆ. ಜೆಎನ್‌ಯು ಬಿಎಗೆ ಈಗ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಮೊದಲೇ ರಷ್ಯನ್ ಬರಬೇಕು ಅಂತೇನಿಲ್ಲ, ಅಕ್ಷರದಿಂದಲೇ ಶುರು ಮಾಡಿಸುತ್ತಾರೆ.

ಈಗ ಕಷ್ಟದ ಮಾತು. ಅಕ್ಷರ 33. ಹತ್ತು ದಿನದಲ್ಲಿ ಓದೋಕೆ ಬರುತ್ತದೆ. ನಮ್ಮ ಒತ್ತಕ್ಷರ, ಗುಣಿತಾಕ್ಷರ ದಾಟಿ ಬಂದವರಿಗೆ ಅದೇನು ಮಹಾ? ವಿಭಕ್ತಿ ಆರು. ಕ್ಲಾಸಿನಲ್ಲಿ ಉತ್ತರದ ಹುಡುಗರು ವಿಭಕ್ತಿ ಅಂದರೆ ಬೆವರುತ್ತಿದ್ದರು. ನನಗೆ ಹೈಸ್ಕೂಲಿನ ಕನ್ನಡ ಮೇಷ್ಟ್ರು "ಉ, ಅನ್ನು, ಇಂದ, ಗೆ" ಅಂತ ಬಾಯಿಪಾಠ ಮಾಡಿಸಿದ್ದು ಆವತ್ತು ಕೆಲಸಕ್ಕೆ ಬಂತು.

ಅದಕ್ಕಿಂತ ದೊಡ್ಡ ಲಾಭ ಒಂದಿದೆ, ಇದನ್ನು ಯಾರೂ ಮೊದಲೇ ಹೇಳಲ್ಲ. ರಷ್ಯನ್‌ನಲ್ಲಿ "ಮ್ನ್ಯೆ ಖೋಲದ್ನ" ಅಂದರೆ "ನನಗೆ ಚಳಿ". ಪದಕ್ಕೆ ಪದ ಅದೇ. "ಮ್ನ್ಯೆ ವಸಿಮ್ನಾತ್ಸತ್ ಲ್ಯೆತ್" ಅಂದರೆ "ನನಗೆ ಹದಿನೆಂಟು ವರ್ಷ". ಇಂಗ್ಲಿಷಿನಲ್ಲಿ ಯೋಚನೆ ಮಾಡುವವರು "ನಾನು ಹದಿನೆಂಟು ವರ್ಷ ಆಗಿದ್ದೇನೆ" ಅಂತ ತಲೆ ಕೆಡಿಸಿಕೊಳ್ಳುತ್ತಾರೆ. "ಎತ ಕ್ನೀಗ" ಅಂದರೆ "ಇದು ಪುಸ್ತಕ", ಅಷ್ಟೇ. ನಡುವೆ ಕ್ರಿಯಾಪದ ಇಲ್ಲ. ಇಷ್ಟ ಆಗೋದು, ಬೇಕಾಗೋದು, ಬೇಜಾರಾಗೋದು ಎಲ್ಲ "ನನಗೆ" ಅಂತಲೇ. ಹಾಗಾಗಿ ನನ್ನದೊಂದೇ ಸಲಹೆ: ರಷ್ಯನ್ ಪುಸ್ತಕ ಇಂಗ್ಲಿಷಿನಲ್ಲಿ ವಿವರಿಸಿದ್ದರೂ ನೀವು ನೋಟ್ಸ್ ಕನ್ನಡದಲ್ಲಿ ಬರೆದುಕೊಳ್ಳಿ. ನಾನು ಎರಡನೇ ವರ್ಷದವರೆಗೆ ಇದನ್ನು ಮಾಡಲಿಲ್ಲ, ಸುಮ್ನೆ ಒದ್ದಾಡಿದೆ.

ಕನ್ನಡ ಕೈ ಕೊಡೋದು "ಹೋಗು" ಅನ್ನುವಲ್ಲಿ. ನಮಗೆ ನಡೆದು ಹೋದರೂ ರೈಲಲ್ಲಿ ಹೋದರೂ ಹೋಗೋದೇ. ಅವರಿಗೆ ಬೇರೆ ಬೇರೆ ಕ್ರಿಯಾಪದ. ಒಂದು ಕಡೆಗೆ ಹೋಗುತ್ತಿರೋದು ಬೇರೆ, ದಿನಾ ಹೋಗಿ ಬರೋದು ಬೇರೆ. ಮೊದಲ ತಿಂಗಳು ಮೇಡಂ ಎದುರು ನಿಂತು "ನಾನು ಬೆಂಗಳೂರಿನಿಂದ ಬಂದೆ" ಅಂತ ಜಂಬದಲ್ಲಿ ಹೇಳಿದೆ. ಅವರು ಕನ್ನಡಕ ಕೆಳಗಿಳಿಸಿ, "ನಡ್ಕೊಂಡು ಬಂದ್ಯಾ? ಕಾಲು ನೋವಿರಬೇಕಲ್ಲ" ಅಂದರು. ಇವತ್ತಿಗೂ ಆ ಕ್ರಿಯಾಪದ ಬಳಸುವಾಗ ಕಾಲು ನೋಡಿಕೊಳ್ಳುತ್ತೇನೆ.

ಕುಡ್ಲದ_ಪೊಣ್ಣು

ಸಮೋವಾರ್ ಅಕ್ಕ, ಉಚ್ಚಾರದ ಬಗ್ಗೆ ಒಂದು ಸೇರಿಸ್ತೀನಿ. ನಾನು ಡಿಪ್ಲೊಮಾ ಮಾತ್ರ ಮಾಡಿದ್ದು.

ರಷ್ಯನ್‌ನಲ್ಲಿ ಒಂದು ಸ್ವರ ಇದೆ, "ನಾವು" ಅನ್ನುವ ಪದದಲ್ಲಿ ಬರೋದು. ಇ ಅಲ್ಲ, ಉ ಅಲ್ಲ. ಟೀಚರ್ ಎಲ್ಲರಿಗೂ ಕನ್ನಡಿ ಹಿಡಿಸಿ, "ಉ ಅನ್ನಿ, ತುಟಿ ಮಾತ್ರ ದುಂಡಗೆ ಮಾಡಬೇಡಿ" ಅಂತ ಒಂದು ವಾರ ಕೂಗಿಸಿದರು. ನನಗೆ ಎರಡನೇ ನಿಮಿಷಕ್ಕೆ ಹತ್ತಿರ ಹತ್ತಿರ ಬಂತು. ತುಳುವಿನಲ್ಲಿ ಪದದ ಕೊನೆಗೆ ಬರುವ ಅರ್ಧ ಉಕಾರ ಇದೆಯಲ್ಲ, ಅದನ್ನೇ ಸ್ವಲ್ಪ ಮುಂದೆ ತಳ್ಳಿದೆ! ಕ್ಲಾಸಿನಲ್ಲಿ ಆವತ್ತೊಂದು ದಿನ ನಾನೇ ರಾಣಿ.

ಇನ್ನೊಂದು, ನಮ್ಮ ಶ ಷ ವ್ಯತ್ಯಾಸವನ್ನು ಸರಿಯಾಗಿ ಹೇಳುವವರಿಗೆ ಅವರ ಎರಡು ಶಕಾರಗಳು ಸುಲಭ. ಷ ಅನ್ನು ಶ ಅನ್ನುವವರು ಇಲ್ಲೂ ಸಿಕ್ಕಿಬೀಳುತ್ತಾರೆ.

ಬಿಟಿಎಂ_ಕೋಡರ್

ಬೇಜಾರು ಮಾಡ್ಕೋಬೇಡಿ, ಸುಮ್ನೆ ಕೇಳ್ತಿದೀನಿ. ಅನುವಾದ ಎಲ್ಲ ಈಗ ಯಂತ್ರವೇ ಮಾಡುತ್ತಿದೆ. ಮೂರು ವರ್ಷ ಹಾಕಿ, ಮತ್ತೆ ಎಂಎಗೆ ಎರಡು ವರ್ಷ ಹಾಕಿ ಫೋನೇ ಮಾಡಿಬಿಡುವ ಕೆಲಸವನ್ನು ಕಲಿಯೋದು ಯಾಕೆ? ಆಸಕ್ತಿ ಇದ್ದರೆ ಆ್ಯಪ್‌ನಲ್ಲಿ ಕಲಿಯಿರಿ, ಡಿಗ್ರಿ ಬೇರೆ ಮಾಡಿ.

ಸಮೋವಾರ್

ಒಳ್ಳೆಯ ಪ್ರಶ್ನೆ, ಬೇಜಾರೇನಿಲ್ಲ. ಕಂಪನಿ ಪತ್ರಕ್ಕೆ, ಯಂತ್ರದ ಕೈಪಿಡಿಗೆ ನಾನೂ ಮೊದಲ ಕರಡನ್ನು ಯಂತ್ರದಿಂದಲೇ ತೆಗೆಯುತ್ತೇನೆ. ಆದರೆ ನೆಂಟಸ್ತನದ ಪದಗಳನ್ನು ನೋಡಿ.

ಕಾದಂಬರಿಯಲ್ಲಿ "ತ್ಯೋತ್ಯ ಬಂದಳು" ಅಂತ ಒಂದು ವಾಕ್ಯ. ರಷ್ಯನ್‌ನಲ್ಲಿ ಅಪ್ಪನ ತಂಗಿಯೂ ತ್ಯೋತ್ಯ, ಅಮ್ಮನ ಅಕ್ಕನೂ ತ್ಯೋತ್ಯ. ಕನ್ನಡಕ್ಕೆ ತರುವಾಗ ಸೋದರತ್ತೆಯಾ, ದೊಡ್ಡಮ್ಮನಾ, ಚಿಕ್ಕಮ್ಮನಾ? ನಾನು ಹಾಕಿ ನೋಡಿದಾಗ ಯಂತ್ರ "ಚಿಕ್ಕಮ್ಮ" ಅಂದುಬಿಟ್ಟಿತು. ಆಕೆ ಅಪ್ಪನ ಅಕ್ಕ ಅಂತ 200 ಪುಟ ಆದ ಮೇಲೆ ಗೊತ್ತಾಗುತ್ತದೆ. "ಬ್ರಾತ್" ಅಂದರೂ ಅಷ್ಟೇ. ಅಣ್ಣನಾ ತಮ್ಮನಾ ಅಂತ ಆ ಪದ ಹೇಳುವುದಿಲ್ಲ. ಹಾಗಾಗಿ ಅನುವಾದಕ್ಕೆ ಕೂರುವ ಮೊದಲು ನಾನು ಒಂದು ಹಾಳೆಯಲ್ಲಿ ಆ ಮನೆಯವರ ವಂಶವೃಕ್ಷ ಬರೆದುಕೊಳ್ಳುತ್ತೇನೆ. ಮದುವೆ ಬ್ರೋಕರ್ ತರಹ.

ಈಗ ಉಲ್ಟಾ ನೋಡಿ. ಮಗಳ ಮಾವನಿಗೆ ಇಂಗ್ಲಿಷಿನಲ್ಲಿ ಪದವೇ ಇಲ್ಲ. ಸುತ್ತಿ ಬಳಸಿ ಹೇಳಬೇಕು. ರಷ್ಯನ್‌ನಲ್ಲಿ ಇದೆ: "ಸ್ವಾತ್". ಹೆಂಗಸಾದರೆ "ಸ್ವಾತ್ಯ". ನಮ್ಮ ಬೀಗರು, ಬೀಗಿತಿ! ಇಂಗ್ಲಿಷಿನ ಮೂಲಕ ಬಂದ ಅನುವಾದದಲ್ಲಿ ಇದು "ಅಳಿಯನ ತಂದೆ" ಆಗಿ ಒಣಗಿಹೋಗಿರುತ್ತದೆ. ಮೂಲದಲ್ಲಿ ಇಬ್ಬರು ಬೀಗರು ಕೂತು ಕುಡಿಯುತ್ತಾ ಜಗಳ ಆಡುತ್ತಿರುತ್ತಾರೆ. ಆ ಸಲುಗೆ, ಆ ಒಳಗಿನ ಹಮ್ಮು "ಬೀಗರು" ಅಂದ ಕೂಡಲೇ ಕನ್ನಡದವರಿಗೆ ಗೊತ್ತಾಗುತ್ತದೆ ಅಲ್ವಾ?

ಎಲ್ಲ ಕಡೆಯೂ ನಾವು ಗೆಲ್ಲುವುದಿಲ್ಲ. ಗಂಡನ ತಾಯಿಗೆ ಒಂದು ಪದ, ಹೆಂಡತಿಯ ತಾಯಿಗೆ ಇನ್ನೊಂದು ಪದ ಅವರಲ್ಲಿ. ನಮಗೆ ಇಬ್ಬರೂ ಅತ್ತೆಯೇ. ರಷ್ಯನ್ ಜೋಕುಗಳಲ್ಲಿ ಬೈಸಿಕೊಳ್ಳುವುದು ಹೆಂಡತಿಯ ತಾಯಿ. ಕನ್ನಡದಲ್ಲಿ "ಅತ್ತೆ" ಅಂತ ಹಾಕಿದರೆ ಓದುಗರು ಸೊಸೆಯ ಕಡೆ ನೋಡುತ್ತಾರೆ.

ಬಿಟಿಎಂ_ಕೋಡರ್

ಬೀಗರ ಉದಾಹರಣೆ ಒಪ್ಪಿದೆ. ಸಂಬಳದ ಪ್ರಶ್ನೆ ಹಾಗೇ ಉಳಿದಿದೆ.

ಪೀಣ್ಯದ_ರಾಯರು

ನಾನು ನಿವೃತ್ತ, ವಯಸ್ಸು ಎಂಬತ್ತರ ಹತ್ತಿರ. ಮೊಮ್ಮಗಳು ಈ ಚರ್ಚೆ ತೋರಿಸಿದಳು.

ನಮ್ಮ ಕಾಲದಲ್ಲಿ ಬೆಂಗಳೂರಿನಲ್ಲಿ ರಷ್ಯನ್ ಕಲಿಯೋಕೆ ಕಾರಣ ಕೇಳುತ್ತಲೇ ಇರಲಿಲ್ಲ. ಆರ್ಯಭಟ ಉಪಗ್ರಹ ತಯಾರಾಗಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಹಾರಿದ್ದು ಸೋವಿಯತ್ ನೆಲದ ಕಾಪುಸ್ತಿನ್ ಯಾರ್‌ನಿಂದ, ಅವರದೇ ರಾಕೆಟ್‌ನಲ್ಲಿ. ನಾನು ಆ ತಂಡದವನಲ್ಲ, ಪಕ್ಕದ ಕಾರ್ಖಾನೆಯಲ್ಲಿ ಫಿಟ್ಟರ್. ಆದರೆ ನಮ್ಮಲ್ಲೂ ರಷ್ಯನ್ ಯಂತ್ರಗಳಿದ್ದವು. ಕೈಪಿಡಿ ಓದೋಕೆ ಅಂತ ನಾಲ್ಕು ಜನ ಸೇರಿ ಸಂಜೆ ಕಲಿತೆವು. ನನಗೆ ಇಂದಿಗೂ "ಎಣ್ಣೆ ಹಾಕಿ", "ಮುಟ್ಟಬೇಡಿ", "ಅಪಾಯ" ಮೂರೂ ಚೆನ್ನಾಗಿ ಬರುತ್ತವೆ. ಪ್ರೇಮಪತ್ರಕ್ಕೆ ಸಾಲದು.

ಮಗೂ, ನಿಮ್ಮ ಅಜ್ಜನ ಟ್ರಂಕಿನಲ್ಲಿರುವ ಪುಸ್ತಕಗಳು ಪ್ರಗತಿ, ರಾದುಗ, ಮೀರ್ ಪ್ರಕಾಶನಗಳದ್ದಿರಬೇಕು. ನಮಗೆ ಅವು ನವಕರ್ನಾಟಕದ ಮಳಿಗೆಯಲ್ಲಿ ಸಿಗುತ್ತಿದ್ದವು. ಸಂಬಳದ ದಿನ ಅಲ್ಲಿಗೆ ಹೋಗಿ ಮಕ್ಕಳಿಗೆ ಒಂದು, ನನಗೆ ಒಂದು ತರುತ್ತಿದ್ದೆ. ಬೆಲೆ ಎಷ್ಟು ಕಡಿಮೆ ಅಂದರೆ ಮಸಾಲೆ ದೋಸೆ ಬಿಡಬೇಕಾಗಿರಲಿಲ್ಲ. 1991ರ ನಂತರ ನಿಂತುಹೋಯಿತು. ಆ ಪುಸ್ತಕಗಳನ್ನು ಇಲಿಗೆ ಬಿಡಬೇಡಿ. ಬೇವಿನ ಎಲೆ ಒಣಗಿಸಿ ಇಡಿ.

ಹೊಸಕೋಟೆ_77

ರಷ್ಯನ್ ಭಾಷೆ ಸಂಸ್ಕೃತದಿಂದ ಹುಟ್ಟಿದ್ದು ಅಂತ ವಾಟ್ಸಾಪ್‌ನಲ್ಲಿ ಓದಿದ್ದೆ. ಹಾಗಾದರೆ ನಮಗೆ ಕಲಿಯೋದು ಇನ್ನೂ ಸುಲಭ ಅಲ್ವಾ?

ಹಸ್ತಪ್ರತಿ

ಹುಟ್ಟಿದ್ದಲ್ಲ. ಎರಡೂ ಒಂದೇ ದೊಡ್ಡ ಕುಟುಂಬದವು. ದ್ವಾರಕ್ಕೆ "ದ್ವೇರ್", ಭ್ರಾತೃಗೆ "ಬ್ರಾತ್", ಅಗ್ನಿಗೆ "ಅಗೋನ್", ನಭಕ್ಕೆ "ನ್ಯೇಬ" ಇರೋದು ಅದಕ್ಕೆ. ನೆನಪಿಟ್ಟುಕೊಳ್ಳೋಕೆ ಇದು ಚೆನ್ನ. ಆದರೆ ಕನ್ನಡ ಆ ಕುಟುಂಬದ್ದಲ್ಲ, ದ್ರಾವಿಡ. ನಮಗೆ ಆ ಪದಗಳು ಸಂಸ್ಕೃತದಿಂದ ಸಾಲವಾಗಿ ಬಂದವು. ಸಮೋವಾರ್ ಅವರು ಹೇಳಿದ "ನನಗೆ ಚಳಿ" ಮಾತ್ರ ಸಾಲ ಅಲ್ಲ, ಅದು ನಮ್ಮ ಸ್ವಂತ ಜಾಯಮಾನ. ಎರಡು ಭಾಷೆಗಳು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ಸಿಕ್ಕಿವೆ. ನನಗೆ ಇದೇ ಜಾಸ್ತಿ ಖುಷಿ ಕೊಡೋದು.

ಅಂದ ಹಾಗೆ ರಷ್ಯನ್ನರೂ ನಮ್ಮನ್ನು ಓದಿದ್ದಾರೆ. ಆಂದ್ರೊನೋವ್ ಅನ್ನುವ ದ್ರಾವಿಡ ಭಾಷಾ ವಿದ್ವಾಂಸರು 1962ರಲ್ಲೇ ಕನ್ನಡ ಭಾಷೆಯ ಮೇಲೆ ರಷ್ಯನ್‌ನಲ್ಲಿ ಪುಸ್ತಕ ಬರೆದರು. ಎಪ್ಪತ್ತರ ದಶಕದಲ್ಲಿ ಮಾಸ್ಕೋದಿಂದ ಕನ್ನಡ–ರಷ್ಯನ್ ನಿಘಂಟೂ ಬಂತು. ಎಲ್ಲಾದರೂ ಹಳೇ ಪುಸ್ತಕದ ಅಂಗಡಿಯಲ್ಲಿ ಕಂಡರೆ ಚೌಕಾಸಿ ಮಾಡದೆ ಕೊಂಡುಬಿಡಿ.

ವೋಲ್ಗಾ_ಡಾಕ್ಟರ್

ನಾನು ರಷ್ಯಾದಲ್ಲಿ ವೈದ್ಯಕೀಯ ಓದುತ್ತಿದ್ದೇನೆ, ನಾಲ್ಕನೇ ವರ್ಷ. ಊರು ದಾವಣಗೆರೆ. ಏಜೆಂಟ್ "ಎಲ್ಲ ಇಂಗ್ಲಿಷ್‌ನಲ್ಲೇ, ರಷ್ಯನ್ ಬೇಕಾಗಲ್ಲ" ಅಂದಿದ್ದ. ಇಂಗ್ಲಿಷ್ ವಾರ್ಡಿನ ಬಾಗಿಲವರೆಗೆ ಮಾತ್ರ. ಒಳಗೆ ಹಾಸಿಗೆಯ ಮೇಲೆ ಒಬ್ಬರು ಅಜ್ಜಿ, ಅವರಿಗೆ ಬರೋದು ರಷ್ಯನ್ ಒಂದೇ. "ಎಲ್ಲಿ ನೋವು?" ಅಂತ ಕೇಳೋಕೆ ಬಂತು. ಅವರು ಹತ್ತು ನಿಮಿಷ ಉತ್ತರ ಕೊಟ್ಟರು. ನನಗೆ ಅರ್ಥ ಆಗಿದ್ದು "ಆಲೂಗಡ್ಡೆ", "ಮಗ" ಎರಡೇ. ರಾತ್ರಿ ಕೂತು ಭಾಷೆ ಕಲಿತೆ.

ಭಾಷೆ, ಸಾಹಿತ್ಯ ಓದೋಕೆ ಇಲ್ಲಿಗೇ ಬರಬೇಕು ಅಂದರೆ ರಷ್ಯಾ ಸರ್ಕಾರದ ವಿದ್ಯಾರ್ಥಿವೇತನದ ಸೀಟುಗಳಿವೆ. ದೆಹಲಿ, ಚೆನ್ನೈ, ಮುಂಬೈನ ರಷ್ಯನ್ ಹೌಸ್‌ಗಳಲ್ಲಿ (ರಷ್ಯಾದ ಸಾಂಸ್ಕೃತಿಕ ಕೇಂದ್ರಗಳು) ವಿಚಾರಿಸಿ. ಬೋಧನಾ ಶುಲ್ಕ ಇರಲ್ಲ. ವಿಮಾನ, ಊಟ, ಚಳಿಗಾಲದ ಬೂಟು ನಿಮ್ಮದೇ ಖರ್ಚು. ಮೊದಲ ವರ್ಷ ಬರೀ ಭಾಷೆ ಕಲಿಸುವ ತಯಾರಿ ವಿಭಾಗ ಇರುತ್ತದೆ. ವಿದೇಶಿಯರಿಗೆ ರಷ್ಯನ್ ಕಲಿಸೋದಕ್ಕೆ ಅಂತಲೇ ಮಾಸ್ಕೋದಲ್ಲಿ ಪುಷ್ಕಿನ್ ಸಂಸ್ಥೆ ಇದೆ, 1966ರದ್ದು.

ಒಂದು ಎಚ್ಚರಿಕೆ. 2022ರ ಮಾರ್ಚ್‌ನಿಂದ ನಮ್ಮ ಊರಿನ ವೀಸಾ, ಮಾಸ್ಟರ್‌ಕಾರ್ಡ್ ಇಲ್ಲಿ ನಡೆಯಲ್ಲ. ಮನೆಯಿಂದ ದುಡ್ಡು ತರಿಸೋದು ತಲೆನೋವು. ಯುದ್ಧದ ಸುದ್ದಿ ನೋಡಿ ಅಮ್ಮ ದಿನಾ ಫೋನ್ ಮಾಡುತ್ತಾರೆ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಬನ್ನಿ. ಬಿಎ ನಮ್ಮ ದೇಶದಲ್ಲೇ ಮಾಡಿ, ಆಮೇಲೆ ಒಂದು ವರ್ಷಕ್ಕೆ ಬನ್ನಿ ಅಂತ ನಾನು ಹೇಳ್ತೀನಿ.

ಬೀದರ_ಬಿದರಿ

ನೋಡ್ರಿ, ರಷ್ಯಾ ಅಂದರೆ ಎಲ್ಲರೂ ಮಾಸ್ಕೋ ಕಡೆ ನೋಡ್ತೀರಿ. ನಮ್ಮ ಬೀದರ್ ಬಗ್ಗೆ ರಷ್ಯನ್‌ನಲ್ಲಿ ಐದು ನೂರಕ್ಕೂ ಜಾಸ್ತಿ ವರ್ಷದ ಹಿಂದೇನೇ ಬರೆದಾರ.

ಅಫನಾಸಿ ನಿಕಿತಿನ್, ತ್ವೇರ್ ಊರಿನ ವ್ಯಾಪಾರಿ. 1469ರ ಸುಮಾರಿಗೆ ನಮ್ಮ ದೇಶಕ್ಕೆ ಬಂದ. ಮಾರೋಣ ಅಂತ ಒಂದು ಕುದುರೆ ತಂದಿದ್ದ. ದಾರಿಯಲ್ಲಿ ಜುನ್ನಾರದ ಖಾನ ಅದನ್ನು ಕಿತ್ತುಕೊಂಡು, "ನಮ್ಮ ಧರ್ಮಕ್ಕೆ ಬಂದರೆ ಕೊಡ್ತೀನಿ" ಅಂದ. ಹೇಗೋ ಬಿಡಿಸಿಕೊಂಡು ಬಂದು ಕೊನೆಗೆ ನಮ್ಮ ಬೀದರಿನಲ್ಲಿ ಮಾರಿದ. ಅದಕ್ಕೆ ಮೇವು ಹಾಕಿದ ಲೆಕ್ಕಾನೂ ಬರೆದಿಟ್ಟಾನ. ಹಳ್ಳಿ ಜನ ಬಹಳ ಬಡವರು, ಸರದಾರರನ್ನು ಬೆಳ್ಳಿ ಪಲ್ಲಕ್ಕಿಯಲ್ಲಿ ಹೊತ್ತುಕೊಂಡು ತಿರುಗುತ್ತಾರೆ ಅಂತ ಬರೆದ. ವಾಪಸ್ ಹೋಗುವಾಗ ಊರು ಮುಟ್ಟುವ ಮೊದಲೇ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ.

ನಾನು ಓದಿದ್ದು ಇಂಗ್ಲಿಷಿನಲ್ಲಿ. ಅವನ ಹಳೇ ರಷ್ಯನ್ ಬಹಳ ಮಜಾ ಐತಂತ. ನಡುನಡುವೆ ತುರ್ಕಿ, ಪಾರ್ಸಿ, ಅರಬ್ಬಿ ಬೆರೆಸ್ತಾನ. ಈ ಹುಡುಗಿ ಎಂಎ ಮಾಡುವಾಗ ಇದನ್ನೇ ಹಿಡಿಯಲಿ. ಊಟ ವಸತಿ ನಮ್ಮ ಮನೆಯಲ್ಲಿ, ಕೋಟೆ ನಾನು ತೋರಿಸ್ತೀನಿ.

ತೀರ್ಥಹಳ್ಳಿ_ಮಳೆ

ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ರಾಯರೇ, ಬೇವಿನ ಎಲೆ ಒಣಗೋಕೆ ಹಾಕಿದೆ, ಮಳೆಗೆ ಒಣಗುತ್ತಿಲ್ಲ. ಬೀದರ್ ಸರ್, ಖಂಡಿತ ಬರ್ತೀನಿ.

ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಅವರೂ ಕೋಡರ್ ಸರ್ ತರಹ ಸಂಬಳದ ಕಡೆಗೇ ಬಂದು ನಿಂತರು.

ಸಮೋವಾರ್

ಸರಿ, ಸಂಬಳ. ಮುಚ್ಚುಮರೆ ಇಲ್ಲದೆ ಹೇಳ್ತೀನಿ.

ಸಾಹಿತ್ಯ ಅನುವಾದದಿಂದ, ಅದೂ ಕನ್ನಡಕ್ಕೆ, ಮನೆ ನಡೆಯೋದಿಲ್ಲ. ಒಂದು ಕಾದಂಬರಿಗೆ ನಾನು ಎರಡು ವರ್ಷ ಕೂತೆ. ಬಂದ ದುಡ್ಡಲ್ಲಿ ಒಂದು ಫ್ರಿಡ್ಜ್ ತಗೊಂಡೆ, ಅದೂ ಚಿಕ್ಕದು. ದುಡ್ಡು ಇರೋದು ದುಭಾಷಿ ಕೆಲಸದಲ್ಲಿ, ತಾಂತ್ರಿಕ ಅನುವಾದದಲ್ಲಿ. ರಕ್ಷಣಾ ಸಾಮಗ್ರಿ, ವಿಮಾನದ ಬಿಡಿಭಾಗ, ಕೂಡಂಕುಳಂ ತರಹದ ಅಣು ಸ್ಥಾವರ, ಔಷಧ ಕಂಪನಿಗಳು, ಗೋವಾದ ಪ್ರವಾಸೋದ್ಯಮ. ಗಗನಯಾನಕ್ಕೆ ಆಯ್ಕೆಯಾದವರು ರಷ್ಯಾದಲ್ಲಿ ತರಬೇತಿ ಪಡೆಯುವಾಗ ಭಾಷೆಯನ್ನೂ ಕಲಿಯಬೇಕಾಯಿತು. ಕೆಲಸ ಒಂದೇ ಸಮ ಬರೋದಿಲ್ಲ. ಒಂದು ತಿಂಗಳು ಉಸಿರಾಡೋಕೆ ಪುರುಸೊತ್ತಿಲ್ಲ, ಮುಂದಿನ ತಿಂಗಳು ಫೋನೇ ಬರಲ್ಲ. ಸಾಹಿತ್ಯ ಓದಿದವರಿಗೆ ಕವಾಟ, ಬೇರಿಂಗು, ಗ್ಯಾಸ್ಕೆಟ್ಟುಗಳ ರಷ್ಯನ್ ಹೆಸರು ಯಾರೂ ಕಲಿಸಿರಲ್ಲ. ನನ್ನ ಮೊದಲ ಕಾರ್ಖಾನೆ ಭೇಟಿಯಲ್ಲಿ ಒಂದು ನಟ್ಟಿನ ಹೆಸರು ಗೊತ್ತಿಲ್ಲದೆ "ಆ ದುಂಡನೆಯ ಸಣ್ಣ ಹುಡುಗ" ಅಂದೆ. ರಷ್ಯನ್ ಎಂಜಿನಿಯರ್ ಆ ವಾರ ಪೂರ್ತಿ ಹಾಗೇ ಕರೆದರು.

ನಿಮ್ಮ ಅಪ್ಪನಿಗೆ ಹೇಳಿ: ಬಿಎ ಜೊತೆಗೇ ಕಂಪ್ಯೂಟರ್, ಸ್ವಲ್ಪ ವಾಣಿಜ್ಯ ಪತ್ರವ್ಯವಹಾರ ಕಲಿತರೆ ಹುಡುಗಿ ಉಪವಾಸ ಬೀಳಲ್ಲ. ಶ್ರೀಮಂತೆಯೂ ಆಗಲ್ಲ.

ನಮ್ಮ ತರಗತಿಯಲ್ಲಿ ಅನುವಾದ ಅಂದರೆ ರಷ್ಯನ್‌ನಿಂದ ಇಂಗ್ಲಿಷಿಗೆ, ಹಿಂದಿಗೆ. ಕನ್ನಡವನ್ನು ಯಾರೂ ಕೇಳಲ್ಲ. ಅದನ್ನು ನೀವೇ ರಾತ್ರಿ ಹೊತ್ತು ಮಾಡಿಕೊಳ್ಳಬೇಕು.

ಹಸ್ತಪ್ರತಿ

ಇಂಗ್ಲಿಷಿನ ಮೂಲಕ ಬಂದದ್ದನ್ನು ಹಗುರವಾಗಿ ನೋಡಬೇಡಿ, ಇಷ್ಟು ಮಾತ್ರ ಕೇಳಿಕೊಳ್ತೀನಿ. ದೇಜಗೌ ಅವರು ಟಾಲ್‌ಸ್ಟಾಯ್ ತಂದಿದ್ದು, ನಾಗಭೂಷಣ ಸ್ವಾಮಿಯವರು ಟಾಲ್‌ಸ್ಟಾಯ್, ದಾಸ್ತೊಯೆವ್‌ಸ್ಕಿ ತಂದಿದ್ದು ಇಂಗ್ಲಿಷಿನ ದಾರಿಯಲ್ಲೇ. ಆ ದಾರಿ ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಹೆಸರುಗಳೇ ಗೊತ್ತಿರುತ್ತಿರಲಿಲ್ಲ.

ಆದರೆ ನೇರ ದಾರಿಯಲ್ಲಿ ಏನು ಸಿಗುತ್ತದೆ ಅಂತ ಒಂದು ಚಿಕ್ಕ ಪದ್ಯ ಹಿಡಿದು ತೋರಿಸ್ತೀನಿ. ಪುಷ್ಕಿನ್ 1828ರಲ್ಲಿ ಬರೆದದ್ದು, ಎಂಟೇ ಸಾಲು. ಹೆಸರೇ "ನೀನು ಮತ್ತು ನೀವು". ಒಬ್ಬಳು ಅವನ ಜೊತೆ ಮಾತಾಡುವಾಗ ಬಾಯಿತಪ್ಪಿ "ನೀವು" ಬದಲು "ನೀನು" ಅಂದುಬಿಡುತ್ತಾಳೆ. ಅಷ್ಟಕ್ಕೇ ಅವನ ಮನಸ್ಸಿನಲ್ಲಿ ಕನಸುಗಳೆಲ್ಲ ಎದ್ದು ಕೂರುತ್ತವೆ. ಕೊನೆಯಲ್ಲಿ ಅವಳ ಮುಂದೆ ನಿಂತು ಬಾಯಲ್ಲಿ ಹೇಳುತ್ತಾನೆ: "ನೀವೆಷ್ಟು ಚೆಂದ!" ಮನಸ್ಸಲ್ಲಿ: "ನಿನ್ನನ್ನೆಷ್ಟು ಪ್ರೀತಿಸ್ತೀನಿ!"

ಇಂಗ್ಲಿಷಿನಲ್ಲಿ ಎರಡಕ್ಕೂ ಈಗ ಒಂದೇ ಪದ. ಅಲ್ಲಿ ಈ ಪದ್ಯಕ್ಕೆ ಊರುಗೋಲು ಬೇಕು. ಕನ್ನಡದಲ್ಲಿ? ಮದುವೆಯಾದ ಹೊಸತರಲ್ಲಿ "ರೀ" ಅನ್ನುತ್ತಿದ್ದ ಹೆಂಡತಿ ಒಂದು ದಿನ "ಏ, ಬಾರೋ" ಅಂದರೆ ಏನಾಗುತ್ತದೆ ಅಂತ ವಿವರಿಸಬೇಕಾ?

ಮಳೆಯವರೇ, ಆ ಎಂಟು ಸಾಲನ್ನು ಮೊದಲ ವರ್ಷದ ಕೊನೆಗೆ ನೀವೇ ಓದಬಹುದು. ಪದಗಳು ಅಷ್ಟು ಸರಳ. ಓದಿ, ಕನ್ನಡ ಮಾಡಿ, ಇಲ್ಲಿ ಹಾಕಿ. ನಾವು ತಪ್ಪು ಹುಡುಕ್ತೀವಿ.

ಬಿಟಿಎಂ_ಕೋಡರ್

ನನ್ನ ಹೆಂಡತಿ ಇದನ್ನು ಓದಿ, "ನಮ್ಮನೇಲಿ ಮೊದಲ ದಿನದಿಂದ ಬಾರೋನೇ ಅಲ್ವಾ" ಅಂದಳು. ಪುಷ್ಕಿನ್‌ಗೆ ನಮ್ಮಲ್ಲಿ ಕೆಲಸ ಇಲ್ಲ.

ತೀರ್ಥಹಳ್ಳಿ_ಮಳೆ

ಒಂದು ಸುದ್ದಿ. ಅಪ್ಪ ಸಿಯುಇಟಿ ಬರೆಯೋಕೆ ಒಪ್ಪಿದರು. ಸೀಟು ಸಿಗದಿದ್ದರೆ ಬಿಕಾಂ, ಮಾತು ಬದಲಾಯಿಸೋ ಹಾಗಿಲ್ಲ ಅಂತ ಕರಾರು.

ಒಪ್ಪಿಸಿದ್ದು ನಾನಲ್ಲ, "ಸ್ವಾತ್". ಅಕ್ಕನ ಮದುವೆಯಾಗಿ ಆರು ತಿಂಗಳು. ನಿನ್ನೆ ರಾತ್ರಿ ಭಾವನ ಅಪ್ಪ ಫೋನ್ ಮಾಡಿದ್ದರು. ನಮ್ಮಪ್ಪ ಎತ್ತಿದ ಕೂಡಲೇ ದೊಡ್ಡ ದನಿಯಲ್ಲಿ "ಏನ್ ಸ್ವಾತ್ ಅವರೇ, ಅಡಿಕೆ ರೇಟು ಹೇಗಿದೆ?" ಅಂದರು. ಆ ಕಡೆಯಿಂದ ತುಂಬಾ ಹೊತ್ತು ಮಾತೇ ಇಲ್ಲ. ಅಮ್ಮ ಒಲೆ ಮುಂದೆ ಕೂತು ನಕ್ಕಿದ್ದು ನಕ್ಕಿದ್ದೇ.

ಸಮೋವಾರ್ ಅಕ್ಕ, "ಸ್ವಾತ್ ಅವರೇ" ಅನ್ನೋದು ಸರಿನಾ?

ಸಮೋವಾರ್

"ಸ್ವಾತ್" ಸರಿ, "ಅವರೇ" ಬೇಡ. ಮರ್ಯಾದೆಯಿಂದ ಕರೆಯಬೇಕು ಅಂದರೆ ರಷ್ಯನ್ನರು ಹೆಸರಿನ ಜೊತೆ ಅಪ್ಪನ ಹೆಸರು ಸೇರಿಸುತ್ತಾರೆ. ಪ್ಯೋತ್ರ್ ಅನ್ನುವವರ ಮಗ ಇವಾನ್ ಆದರೆ "ಇವಾನ್ ಪೆತ್ರೋವಿಚ್". ನಿಮ್ಮ ಬೀಗರ ಅಪ್ಪನ ಹೆಸರೇನು, ಕೇಳಿ ಹೇಳಿ. ಮುಂದಿನ ಫೋನಿಗೆ ಸಿದ್ಧ ಮಾಡಿಕೊಡ್ತೀನಿ.

ತೀರ್ಥಹಳ್ಳಿ_ಮಳೆ

ವೆಂಕಟರಮಣ ಅಂತೆ. ಬೀಗರ ಹೆಸರು ಸುಬ್ರಾಯ.

ಸಮೋವಾರ್

ಸುಬ್ರಾಯ ವೆಂಕಟರಮಣೋವಿಚ್. ನಿಮ್ಮ ಅಪ್ಪ ಒಂದೇ ಉಸಿರಿಗೆ ಹೇಳಿದರೆ ಮೊದಲ ಸೆಮಿಸ್ಟರ್ ಪಾಸು.